ಎರ್ದಿಗ್ ಎಸ್ಟೇಟ್, ಯಾರ್ಕ್ ಮನೆತನ: ಕಾಗದಪತ್ರ ಓದಲು ಎಲ್ಲಿಂದ ಶುರುಮಾಡುವುದು?

ಪ್ರಶ್ನೆ — ಹಳೇಕಡತ

ಈಶಾನ್ಯ ವೇಲ್ಸ್‌ನ ರೆಕ್ಸಮ್ ಪಟ್ಟಣದ ಪಕ್ಕದಲ್ಲಿರುವ ಎರ್ದಿಗ್ ಎಸ್ಟೇಟಿನ ಚರಿತ್ರೆಯನ್ನು ಕ್ರಮವಾಗಿ ಓದುತ್ತಿದ್ದೇನೆ. ಮೂರು ಕಡೆ ತೊಡಕು. ಒಂದು, ವಂಶದಲ್ಲಿ ಎಲ್ಲಿ ನೋಡಿದರೂ ಸೈಮನ್, ಇಲ್ಲವೇ ಫಿಲಿಪ್. ಯಾವ ಕಾಗದ ಯಾರದ್ದೆಂದು ಬೇರ್ಪಡಿಸುವುದು ಹೇಗೆ? ಎರಡು, ಮನೆ ಕಟ್ಟಿಸಿದ್ದು ಜೋಶುವಾ ಎಡಿಸ್‌ಬರಿ, ಅದು ಲಂಡನ್ನಿನ ವಕೀಲ ಜಾನ್ ಮೆಲ್ಲರ್ ಪಾಲಾಗಿ ಆಮೇಲೆ ಯಾರ್ಕ್‌ಗಳಿಗೆ ಬಂತು. ಸಾಲದಿಂದ ಆಸ್ತಿ ಕೈತಪ್ಪಿತು ಎನ್ನುತ್ತಾರೆ, ಆದರೆ ಕಾನೂನಿನ ಪ್ರಕಾರ ಅದು ನಡೆಯುವ ಬಗೆ ಏನು? ಮೂರು, 20ನೇ ಶತಮಾನದಲ್ಲಿ ಮನೆ ನೆಲಕ್ಕಿಳಿದದ್ದು ಏಕೆ?

ಉತ್ತರ — ಕವಲುಕೊಂಬೆ

ಮೊದಲು ಹೆಸರುಗಳು. ಎಸ್ಟೇಟು ಕೈಗೆ ಬಂದ ವರ್ಷವನ್ನೇ ಗುರುತಾಗಿ ಇಟ್ಟುಕೊಳ್ಳಿ, ಜನ್ಮವರ್ಷವನ್ನಲ್ಲ. ಮೆಲ್ಲರ್ ಮದುವೆಯಾಗಿರಲಿಲ್ಲ, 1733ರಲ್ಲಿ ತೀರಿಕೊಂಡಾಗ ಸೋದರಳಿಯ ಒಂದನೇ ಸೈಮನ್ ಯಾರ್ಕ್‌ಗೆ ಆಸ್ತಿ ಬಂತು. 1767ರಿಂದ ಒಂದನೇ ಫಿಲಿಪ್, 1804ರಿಂದ ಎರಡನೇ ಸೈಮನ್, 1834ರಿಂದ ಮೂರನೇ ಸೈಮನ್, 1894ರಿಂದ ಎರಡನೇ ಫಿಲಿಪ್, 1922ರಿಂದ ನಾಲ್ಕನೇ ಸೈಮನ್, 1966ರಿಂದ ಅವನ ತಮ್ಮ ಮೂರನೇ ಫಿಲಿಪ್. ಎಡವುವ ಜಾಗ 1834: ಅಪ್ಪನೂ ಸೈಮನ್, ಮಗನೂ ಸೈಮನ್. ಆ ವರ್ಷದ ಆಸುಪಾಸಿನ ರಸೀದಿಯಲ್ಲಿ ಹೆಸರನ್ನು ನಂಬಬೇಡಿ, ತಾರೀಖು ನೋಡಿ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಲಾರ್ಡ್ ಚಾನ್ಸಲರ್ (ನ್ಯಾಯಾಂಗದ ಹಿರಿಯ ಪದವಿ) ಆಗಿದ್ದ ಹಾರ್ಡ್‌ವಿಕ್ ಅರ್ಲ್ ಹೆಸರೂ ಫಿಲಿಪ್ ಯಾರ್ಕ್. ಅವರು ಇದೇ ಬಳಗದವರು, ಆದರೆ ಎರ್ದಿಗ್‌ನ ಒಡೆಯರಲ್ಲ, 1764ರಲ್ಲೇ ತೀರಿಕೊಂಡರು. ಕ್ಯಾಟಲಾಗ್‌ನಲ್ಲಿ ಬರೀ 'ಫಿಲಿಪ್ ಯಾರ್ಕ್' ಎಂದು ಹುಡುಕಿದರೆ ಅವರ ಕಾಗದಗಳೇ ರಾಶಿ ಬೀಳುತ್ತವೆ. ಎರ್ದಿಗ್‌ನ ಒಂದನೇ ಫಿಲಿಪ್ ಬದುಕಿದ್ದು 1743ರಿಂದ 1804ರವರೆಗೆ.

ಸೇವಕರ ಚಿತ್ರಗಳ ಬಗ್ಗೆಯೂ ಒಂದು ಮಾತು ಸೇರಿಸಬೇಕು, ಏಕೆಂದರೆ ಎರ್ದಿಗ್‌ನ ನಿಜವಾದ ಸಂಪತ್ತು ಅದೇ. ಬಡಗಿ, ಮನೆಗೆಲಸದವರು, ಕಾಡುಕಾವಲಿನವನು ಇವರನ್ನೆಲ್ಲ ಹೆಸರು ಸಮೇತ ಚಿತ್ರಿಸಿ, ಜೊತೆಗೆ ಪದ್ಯ ಬರೆಸಿಟ್ಟ ಮನೆತನ ಬ್ರಿಟನ್ನಿನಲ್ಲಿ ಬಲು ಅಪರೂಪ. 1850ರ ದಶಕದಿಂದ ಫೋಟೋಗಳೂ ಸಿಗುತ್ತವೆ. ಆದರೆ ಚಿತ್ರದ ಕಾಲ ಬೇರೆ, ಪದ್ಯದ ಕಾಲ ಬೇರೆ ಇರಬಹುದು. ಕೊಂಬು ಹಿಡಿದ ಕಪ್ಪು ವರ್ಣದ ಕೋಚ್ (ಕುದುರೆಗಾಡಿ) ಹುಡುಗನ ಚಿತ್ರಕ್ಕೆ ಪದ್ಯ ಸೇರಿದ್ದು 1790ರ ದಶಕದಲ್ಲಿ. ಮೆಲ್ಲರ್ ಕಾಲದ ಸಂಗತಿಗೆ ಆ ಪದ್ಯವನ್ನು ಪುರಾವೆಯಾಗಿ ಬಳಸಬಾರದು.

ಉತ್ತರ — ಅಡಮಾನ

ಎಡಿಸ್‌ಬರಿ ಡೆನ್‌ಬಿಶೈರ್ ಕೌಂಟಿಯಲ್ಲಿ ರಾಜನ ಅಧಿಕಾರಿಯಾದ ಹೈ ಶೆರಿಫ್ ಆಗಿದ್ದವನು. ಚೆಶೈರ್‌ನ ಮಿಡಲ್‌ವಿಚ್‌ನ ಥಾಮಸ್ ವೆಬ್ ನಕ್ಷೆಯಂತೆ 1684ರಿಂದ 1687ರ ನಡುವೆ ಮನೆ ಎದ್ದಿತು. ಎಸ್ಟೇಟಿನ ಗೇಣಿ ಹೊರಲಾರದಷ್ಟು ದೊಡ್ಡ ಮನೆ ಅದು. ಸಾಲ ಕೊಟ್ಟವರಲ್ಲಿ ಎಲೈಹು ಯೇಲ್ ಕೂಡ ಇದ್ದ. ಮದ್ರಾಸಿನ ಗವರ್ನರ್ ಆಗಿದ್ದವನು, ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನು, ಸಮಾಧಿಯಾಗಿರುವುದು ರೆಕ್ಸಮ್ ಚರ್ಚಿನ ಅಂಗಳದಲ್ಲೇ.

ಅಂದಿನ ಅಡಮಾನ ಹೀಗೆ: ಸಾಲಗಾರ ಜಮೀನಿನ ಹಕ್ಕನ್ನೇ ಸಾಲ ಕೊಟ್ಟವನ ಹೆಸರಿಗೆ ಬರೆದುಕೊಡುತ್ತಾನೆ. ಗಡುವಿನೊಳಗೆ ಅಸಲು, ಬಡ್ಡಿ ತೀರಿದರೆ ಹಿಂದಕ್ಕೆ. ಗಡುವು ಮೀರಿದರೂ ಬಿಡಿಸಿಕೊಳ್ಳಲು ಚಾನ್ಸರಿ ಕೋರ್ಟು (ಬರೀ ಕಾನೂನಲ್ಲ, ನ್ಯಾಯವನ್ನೂ ನೋಡಿ ತೀರ್ಪು ಕೊಡುತ್ತಿದ್ದ ಕೋರ್ಟು) ಅವಕಾಶ ಕೊಡುತ್ತಿತ್ತು. ಆ ಅವಕಾಶವನ್ನು ಕೊನೆಗಾಣಿಸಬೇಕಾದರೂ ಅದೇ ಕೋರ್ಟಿನ ಆದೇಶ ಬೇಕು. ಒಂದೇ ಜಮೀನಿನ ಮೇಲೆ ಹಲವು ಅಡಮಾನ ಬಿದ್ದಾಗ, ಆ ಪತ್ರಗಳನ್ನು ಒಂದೊಂದಾಗಿ ಕೊಂಡು ಒಟ್ಟುಗೂಡಿಸಿದವನೇ ಆಸ್ತಿಗೆ ಹತ್ತಿರವಾಗುತ್ತಾನೆ. ಮೆಲ್ಲರ್ ಚಾನ್ಸರಿಯಲ್ಲೇ ಮಾಸ್ಟರ್ ಎಂಬ ಹಿರಿಯ ಅಧಿಕಾರಿಯ ಹುದ್ದೆಯಲ್ಲಿದ್ದವನು, ದಾರಿ ಚೆನ್ನಾಗಿ ಗೊತ್ತಿತ್ತು. ಎಡಿಸ್‌ಬರಿಯ ಸಾಲಗಳನ್ನು ಕೊಂಡ, 1716ರ ಹೊತ್ತಿಗೆ ಎಸ್ಟೇಟು ಅವನದಾಯಿತು. 1720ರ ದಶಕದಲ್ಲಿ ಮನೆಯ ಎರಡೂ ತುದಿಗೆ ರೆಕ್ಕೆ ಕಟ್ಟಿಸಿ ಒಳಗೆ ಬೆಳ್ಳಿ ಲೇಪದ ಕುರ್ಚಿ, ಕನ್ನಡಿ ತುಂಬಿಸಿದ.

ಹಾಗಾಗಿ ಮೊದಲು ಕೈಹಾಕಬೇಕಾದದ್ದು ವಂಶವೃಕ್ಷಕ್ಕಲ್ಲ, ಅಡಮಾನ ಮತ್ತು ಅದರ ವರ್ಗಾವಣೆ ಪತ್ರಗಳಿಗೆ. ಆಮೇಲೆ ಮದುವೆ ಒಪ್ಪಂದಗಳು. ಹಿರಿಮಗ ಜೀವಿತಾವಧಿಗೆ ಮಾತ್ರ ಅನುಭೋಗಿ, ವಿಧವೆಗೆ ಇಷ್ಟು ವರ್ಷಾಶನ, ಉಳಿದ ಮಕ್ಕಳಿಗೆ ಇಷ್ಟು ಹಣ ಎಂದು ಅವುಗಳಲ್ಲಿ ಬರೆದಿರುತ್ತದೆ. ಆಸ್ತಿ ಒಡೆಯದೆ ಉಳಿದದ್ದಕ್ಕೂ, ಗೇಣಿ ಚೆನ್ನಾಗಿ ಬಂದರೂ ಕೈಯಲ್ಲಿ ಕಾಸಿಲ್ಲದ್ದಕ್ಕೂ ಕಾರಣ ಅಲ್ಲೇ ಸಿಗುತ್ತದೆ.

ಎಸ್ಟೇಟು ಹಳೆಯ ಡೆನ್‌ಬಿಶೈರ್‌ನದ್ದಾದರೂ ಕಾಗದಗಳ ಮುಖ್ಯ ಸಂಗ್ರಹ ಇರುವುದು ಪಕ್ಕದ ಫ್ಲಿಂಟ್‌ಶೈರ್‌ನ ಹಾರ್ಡನ್‌ನಲ್ಲಿ. ಡೆನ್‌ಬಿಶೈರ್ ಎಂದಷ್ಟೇ ಹುಡುಕಿದರೆ ತಪ್ಪಿಹೋಗುತ್ತದೆ.

ಉತ್ತರ — ಸುಣ್ಣಗಾರೆ

ಮನೆ ಇಳಿದದ್ದು ಕಲ್ಲಿದ್ದಲಿನಿಂದ. ಹತ್ತಿರದ ಬರ್ಶಮ್ ಗಣಿಯ ಸುರಂಗಗಳು ಮನೆಯ ಅಡಿಯವರೆಗೂ ಬಂದವು. 1947ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡ ಮೇಲೆ, ಮನೆಯನ್ನು ಹೊತ್ತಿದ್ದ ಕಲ್ಲಿದ್ದಲನ್ನೂ ತೆಗೆದರು. ಪದರ ತೆಗೆದ ಜಾಗದಲ್ಲಿ ಮೇಲಿನ ಬಂಡೆ ಕುಸಿದು, ಆ ಇಳಿತ ನೆಲದವರೆಗೂ ಏರುತ್ತದೆ. ಒಂದೇ ಸಮ ಇಳಿದರೆ ಕಟ್ಟಡ ತಾಳಿಕೊಳ್ಳಬಹುದು. ಎರ್ದಿಗ್ ಉದ್ದನೆಯ ಮನೆ. ತುದಿಯಿಂದ ತುದಿಗೆ ಇಳಿತ ಬೇರೆಬೇರೆಯಾಯಿತು, ಕೆಲವೆಡೆ 5 ಅಡಿಯವರೆಗೆ. ಗೋಡೆ ಸೀಳಿದ್ದು ಕಣ್ಣಿಗೆ ಕಾಣುವ ಹಾನಿ. ಅದಕ್ಕಿಂತ ಕೆಟ್ಟದ್ದು ಸೂರಿನಲ್ಲಿ: ಇಂಥ ಮನೆಗಳಲ್ಲಿ ಸೂರಿನ ಅಂಚಿನ ಗಿಡ್ಡ ಗೋಡೆಯ ಹಿಂದಿನ ಸೀಸದ ಕಾಲುವೆಗಳಿಗೆ ಇಟ್ಟಿರುವ ಇಳಿಜಾರು ತೀರಾ ಅಲ್ಪ. ಮನೆ ವಾಲಿದರೆ ನೀರು ಕೊಳವೆಗೆ ಹೋಗದೆ ಹಿಂದಕ್ಕೆ ನಿಂತು ಮಾಳಿಗೆಯ ಗಾರೆಯನ್ನು ನೆನೆಸುತ್ತದೆ. ಚೀನೀ ರೇಷ್ಮೆಯ ರಾಜಮಂಚವಿದ್ದ ಕೋಣೆಯೂ ಸೋರಿತು.

ಮೂರನೇ ಫಿಲಿಪ್ 1973ರಲ್ಲಿ ಮನೆ, ಸಾಮಾನು, ಜಮೀನು ಎಲ್ಲವನ್ನೂ ಹಳೆಯ ಮನೆಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಗಣಿ ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ಕೋಲ್ ಬೋರ್ಡ್ ಕೊಟ್ಟ ಪರಿಹಾರ 1,20,000 ಪೌಂಡ್. ಅದು ಕಟ್ಟಡ ಗಟ್ಟಿಮಾಡುವುದಕ್ಕಾಯಿತು. ದುರಸ್ತಿಯ ಉಳಿದ ಹಣ ಬಂದದ್ದು ಮನೆಯಿಂದ ಕಾಣದ 63 ಎಕರೆ ಮಾರಿ, ಸುಮಾರು 10 ಲಕ್ಷ ಪೌಂಡ್. 1977ರಲ್ಲಿ ಜನರಿಗೆ ತೆರೆಯಿತು. ಆ 63 ಎಕರೆ ಮಾರದಿದ್ದರೆ ಇಂದು ಮನೆಯೇ ಇರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಳೇಕಡತ

ತುಂಬಾ ಉಪಕಾರ. ಗೇಣಿ ಲೆಕ್ಕಗಳಲ್ಲಿ ತಾರೀಖು, ಮೊತ್ತ ಒಂದಕ್ಕೊಂದು ಹೊಂದುವುದೇ ಇಲ್ಲವಲ್ಲ?

ಉತ್ತರ — ಅಡಮಾನ

1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಫೆಬ್ರವರಿ 1716 ಎಂದು ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 1717. ಇಲ್ಲದಿದ್ದರೆ ಕ್ರಯ ಮೊದಲು, ಅಡಮಾನ ಆಮೇಲೆ ಎಂಬಂತೆ ಕಾಣುತ್ತದೆ. ಗೇಣಿಯ ಕಂತು ಸಾಮಾನ್ಯವಾಗಿ ಮಾರ್ಚ್ 25 ಮತ್ತು ಸೆಪ್ಟೆಂಬರ್ 29. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗ್‌ಗೆ 12 ಪೆನ್ಸ್. ಕೂಡುವಾಗ ಎಲ್ಲವನ್ನೂ ಪೆನ್ಸ್‌ಗೆ ಇಳಿಸಿ, ಪೌಂಡಿಗೆ 240. ಎಕರೆಗೆ 4 ರೂಡ್, ರೂಡ್‌ಗೆ 40 ಪರ್ಚ್. ಹಳೆಯ ಪತ್ರಗಳಲ್ಲಿ ಸ್ಥಳೀಯ ಎಕರೆಯೂ ಬರುತ್ತದೆ, ಅದರ ಅಳತೆ ಬೇರೆ. ಹಾಗಾಗಿ ವಿಸ್ತೀರ್ಣದ ಬದಲು ಹೊಲದ ಹೆಸರು ಹಿಡಿದು, 1840ರ ಸುಮಾರಿನ ಟೈದ್ ನಕ್ಷೆಯೊಂದಿಗೆ (ಚರ್ಚಿಗೆ ಸಲ್ಲುವ ದಶಾಂಶ ತೆರಿಗೆಗಾಗಿ ಮಾಡಿದ ಹೊಲಗಳ ನಕ್ಷೆ) ತಾಳೆ ನೋಡಿ.