ಪದಚರ್ಚೆ: ರೀಇನ್‌ಸ್ಟಾಲ್‌ಗೂ ರಿಸ್ಟೋರ್‌ಗೂ ‘ಮರುಸ್ಥಾಪನೆ’ಯೇ?

ಗೆಳೆಯರೇ,

ನಮ್ಮೂರಿನ ವಾಚನಾಲಯದ ಹಳೇ ಕಂಪ್ಯೂಟರಿಗೆ ವಿಂಡೋಸ್ 7 ಅನ್ನೇ ಮತ್ತೆ ಹಾಕಬೇಕಾಗಿದೆ. ಅಲ್ಲಿರುವ ಸ್ಕ್ಯಾನರ್‌ಗೆ ಹೊಸ ವಿಂಡೋಸ್‌ನ ಡ್ರೈವರ್ (ಸ್ಕ್ಯಾನರನ್ನು ಕಂಪ್ಯೂಟರ್ ನಡೆಸಲು ಬೇಕಾದ ಪ್ರೋಗ್ರಾಮು) ಸಿಗುವುದಿಲ್ಲ, ಅದಕ್ಕೇ ಈ ಹಟ. ಮುಂದೆ ಯಾರಾದರೂ ನೋಡಿಕೊಂಡು ಮಾಡುವ ಹಾಗೆ ಕನ್ನಡದಲ್ಲೇ ಒಂದು ಸೂಚನೆ ಬರೆಯುತ್ತಿದ್ದೇನೆ. ಮಾಡಬೇಕಾದ್ದೇನು ಎನ್ನುವುದರಲ್ಲಿ ಗೊಂದಲವಿಲ್ಲ. ಪದಗಳೇ ಕೈಕೊಡುತ್ತಿವೆ.

ಮುಖ್ಯ ತಕರಾರು ‘ಮರುಸ್ಥಾಪನೆ’ಯದ್ದು. ಬ್ಯಾಕಪ್‌ನಿಂದ ಫೈಲುಗಳನ್ನು ವಾಪಸ್ ತರುವುದಕ್ಕೂ ಇದೇ ಪದ, ಸಿಸ್ಟಮನ್ನು ಹಿಂದಿನ ಸ್ಥಿತಿಗೆ ಒಯ್ಯುವುದಕ್ಕೂ ಇದೇ ಪದ, ಇಡೀ ವಿಂಡೋಸನ್ನು ಮತ್ತೆ ಹಾಕುವುದಕ್ಕೂ ಇದೇ ಪದ. ಇವುಗಳ ಪರಿಣಾಮ ಒಂದೇ ಅಲ್ಲ. ವಿಂಡೋಸ್ 7ರಲ್ಲಿ ಸಿಸ್ಟಮ್ ರಿಸ್ಟೋರ್ ಮಾಡಿದರೆ ಸಿಸ್ಟಮ್ ಫೈಲುಗಳು, ಸೆಟ್ಟಿಂಗ್‌ಗಳು ಹಿಂದಿನ ಒಂದು ದಿನಕ್ಕೆ ಹೋಗುತ್ತವೆ. ನೀವು ಬರೆದಿಟ್ಟ ಪತ್ರ, ಫೋಟೋಗಳ ತಂಟೆಗೆ ಅದು ಬರುವುದಿಲ್ಲ. ಆದರೆ ಡಿವಿಡಿಯಿಂದಲೇ ಕಂಪ್ಯೂಟರ್ ಶುರುಮಾಡಿ (ಬೂಟ್ ಮಾಡಿ), ಡ್ರೈವ್ ಅಳಿಸಿ ಹೊಸದಾಗಿ ಹಾಕಿದರೆ ಅಲ್ಲಿದ್ದದ್ದೆಲ್ಲ ಹೋಯಿತು. ‘ಈಗ ಮರುಸ್ಥಾಪಿಸಿ’ ಎಂದು ಬರೆದರೆ ಓದುವವರು ಯಾವುದನ್ನು ಮಾಡಬೇಕು?

ಹಾಗಂತ ಅಂಗಡಿ ಭಾಷೆಗೆ ಹೋದರೆ ಅಲ್ಲೂ ಗೋಳಿದೆ. ಅಲ್ಲಿ ಎಲ್ಲಕ್ಕೂ ಒಂದೇ ಮಾತು, ‘ಫಾರ್ಮ್ಯಾಟ್ ಹೊಡೆಯೋದು’. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಅಳಿಸಿ ಸಜ್ಜು ಮಾಡುವುದು ಅಷ್ಟೇ. ನಮ್ಮ ಬಾಯಲ್ಲಿ ಅದು ಅಳಿಸಿ, ಓಎಸ್ (ವಿಂಡೋಸ್‌ನಂಥ ಮೂಲ ತಂತ್ರಾಂಶ) ಹಾಕಿ, ಡ್ರೈವರ್ ಹಾಕಿ, ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶ ಹಾಕಿ ಕೊಡುವ ಇಡೀ ಪ್ಯಾಕೇಜ್ ಆಗಿದೆ. ‘ಸ್ಲೋ ಆಗಿದೆ, ಫಾರ್ಮ್ಯಾಟ್ ಹೊಡೆಸಿ’ ಎನ್ನುವವರಿಗೆ ಅದು ರಿಪೇರಿಯ ಇನ್ನೊಂದು ಹೆಸರು. ಫೈಲುಗಳು ಹೋಗುತ್ತವೆ ಅಂತ ಅವರಿಗೆ ಹೊಳೆಯುವುದೇ ಇಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ವಿಂಡೋಸ್ 7 ಹಾಕುವಾಗ ತೆರೆಯ ಮೇಲೆ ಎರಡು ದಾರಿ ಕಾಣುತ್ತವೆ: ಅಪ್‌ಗ್ರೇಡ್ ಮತ್ತು ಕಸ್ಟಮ್. ಕಸ್ಟಮ್ ಒತ್ತಿ, ಫಾರ್ಮ್ಯಾಟ್ ಮಾಡದೆ ಹಳೇ ವಿಂಡೋಸ್ ಇದ್ದ ಜಾಗದಲ್ಲೇ ಹಾಕಿದರೆ ಹಳೆಯದು ಅಳಿಯುವುದಿಲ್ಲ. ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿಗೆ ಸರಿದು ಕೂರುತ್ತದೆ. ಹಳೇ ಡಾಕ್ಯುಮೆಂಟ್‌ಗಳನ್ನು ಅದರೊಳಗಿಂದ ಎತ್ತಿಕೊಳ್ಳಬಹುದು. ಅಪ್‌ಗ್ರೇಡ್ ದಾರಿ ಇನ್ನೂ ವಿಚಿತ್ರ. ನಡೆಯುತ್ತಿರುವ ವಿಂಡೋಸ್ 7ರ ಒಳಗಿನಿಂದಲೇ ಅದೇ ವಿಂಡೋಸ್ 7ರ ಡಿವಿಡಿ ಓಡಿಸಿ ಅಪ್‌ಗ್ರೇಡ್ ಕೊಟ್ಟರೆ, ಫೈಲುಗಳೂ ಪ್ರೋಗ್ರಾಮುಗಳೂ ಉಳಿದುಕೊಂಡು ಕೆಟ್ಟ ಸಿಸ್ಟಮ್ ಮಾತ್ರ ಸರಿಯಾಗುತ್ತದೆ. 7 ಇದ್ದದ್ದು 7 ಆಗಿಯೇ ಇರುತ್ತದೆ. ಇದನ್ನು ‘ಮೇಲ್ದರ್ಜೆಗೇರಿಸು’ ಅನ್ನಲು ಹೇಗೆ ಸಾಧ್ಯ? ಆ ಪದ ತಾಲ್ಲೂಕು ಆಸ್ಪತ್ರೆಗೆ ಸರಿ. ಇಲ್ಲಿ ದರ್ಜೆಯೇ ಬದಲಾಗಿಲ್ಲ.

ಇನ್ನು ಇನ್‌ಸ್ಟಾಲ್. ಲಿನಕ್ಸ್ ಕನ್ನಡೀಕರಣದಲ್ಲಿ ‘ಅನುಸ್ಥಾಪನೆ’ ಬಂತು. ಬೇರೆ ಕಡೆ ‘ಸ್ಥಾಪಿಸಿ’. ಸ್ಥಾಪನೆ ಅಂದರೆ ನನಗೆ ಸಂಘ, ಶಾಲೆ ನೆನಪಾಗುತ್ತವೆ. ಜನ ಹೇಳುವುದು ‘ಹಾಕು’. ವಿಂಡೋಸ್ ಹಾಕಿಸಿದೆ, ಆ್ಯಪ್ ಹಾಕಿಕೊಂಡೆ. ನನ್ನ ಒಲವೂ ಅದಕ್ಕೇ. ಆದರೆ ನಮ್ಮಲ್ಲಿ ಟಿವಿಯನ್ನೂ ಹಾಕುತ್ತೇವೆ, ಪಾಸ್‌ವರ್ಡನ್ನೂ ಹಾಕುತ್ತೇವೆ, ಡಿವಿಡಿಯನ್ನೂ ಹಾಕುತ್ತೇವೆ. ‘ಕಂಪ್ಯೂಟರ್ ಹಾಕಿ, ಡಿವಿಡಿ ಹಾಕಿ, ವಿಂಡೋಸ್ ಹಾಕಿ’ ಎಂಬ ಸಾಲು ನನ್ನ ಕರಡಿನಲ್ಲಿ ನಿಜಕ್ಕೂ ಇದೆ. ಓದಿದವರಿಗೆ ಅರ್ಥವೇನೋ ಆಗುತ್ತದೆ, ನಗುವೂ ಬರುತ್ತದೆ. ‘ಕೂರಿಸು’ ಹೇಗೆ? ಗಣಪತಿಯನ್ನು ಕೂರಿಸುತ್ತೇವೆ, ಬಾಗಿಲ ಚೌಕಟ್ಟನ್ನೂ ಕೂರಿಸುತ್ತೇವೆ. ಒಂದು ಕಡೆ ಭದ್ರವಾಗಿ ನಿಲ್ಲಿಸುವ ಅರ್ಥ ಅದರಲ್ಲಿದೆ. ವಿಂಡೋಸ್ ಕೂರಿಸಿ, ಮತ್ತೆ ಕೂರಿಸಿ. ಕಿವಿಗೆ ಒಗ್ಗುತ್ತದಾ, ಹೇಳಿ.

ಅಪ್‌ಡೇಟ್‌ಗೆ ‘ನವೀಕರಣ’ ಎಲ್ಲೆಲ್ಲೂ ಓಡುತ್ತಿದೆ. ಅದೇ ಪದ ಲೈಸೆನ್ಸ್ ರಿನ್ಯೂ ಮಾಡಿಸುವುದಕ್ಕೂ ಇದೆ. ವಿಂಡೋಸ್ 7ರ ವಿಷಯದಲ್ಲಿ ಇವೆರಡೂ ಮುಖಾಮುಖಿಯೇ ಆಗಿಬಿಟ್ಟಿವೆ. 2020ರ ಜನವರಿ 14ಕ್ಕೆ ಉಚಿತ ಅಪ್‌ಡೇಟ್ ನಿಂತ ಮೇಲೆ ಮೈಕ್ರೋಸಾಫ್ಟ್‌ನವರು ಸಂಸ್ಥೆಗಳಿಂದ ವರ್ಷ ವರ್ಷ ದುಡ್ಡು ಪಡೆದು ಭದ್ರತೆಯ ಅಪ್‌ಡೇಟ್ ಕೊಟ್ಟರು. 2023ರ ಜನವರಿಗೆ ಅದೂ ಮುಗಿಯಿತು. ಅದರ ಬಗ್ಗೆ ಬರೆಯಹೊರಟರೆ ‘ನವೀಕರಣ ಪಡೆಯಲು ನವೀಕರಣ ಮಾಡಿಸಬೇಕು’ ಅಂತಾಗುತ್ತದೆ!

‘ಇಂದೀಕರಿಸು’ ಅಂತ ಕೆಲವರು ಬರೆಯುವುದನ್ನು ನೋಡಿದ್ದೇನೆ. ಚೆನ್ನಾಗಿದೆ, ಆದರೆ ಇಲ್ಲಿ ಸುಳ್ಳಾಗುತ್ತದೆ. ಈ ಕಂಪ್ಯೂಟರನ್ನು ಎಷ್ಟೇ ಅಪ್‌ಡೇಟ್ ಮಾಡಿದರೂ ಅದು ಇಂದಿಗೆ ಬರುವುದಿಲ್ಲ. ದುಡ್ಡು ಕೊಡದವರಿಗೆ 2020ರ ಜನವರಿಗೆ ಬಂದು ನಿಲ್ಲುತ್ತದೆ. ಆಮೇಲೆ ಅದನ್ನು ಇಂಟರ್ನೆಟ್‌ನಿಂದ ದೂರ ಇಡುವುದೇ ವಾಸಿ ಅಂತ ಸೂಚನೆಯಲ್ಲಿ ಬರೆಯುತ್ತೇನೆ. ಹಾಗಾಗಿ ಇಲ್ಲಿಗೆ ‘ಕೊನೆಯ ಅಪ್‌ಡೇಟ್‌ವರೆಗೆ ತನ್ನಿ’ ಅಂದರೆ ಸಾಕು ಅನಿಸುತ್ತಿದೆ. ಪದ ಹೊಸೆಯುವ ಗೋಜೇ ಇಲ್ಲ.

ಪ್ಯಾಚ್‌ಗೆ ‘ತೇಪೆ’ ಅಂತ ಒಬ್ಬರು ಹೇಳಿದರು. ಮೊದಲಿಗೆ ಖುಷಿಯಾಯಿತು. ಹರಿದ ಕಡೆ ಹಾಕುವುದು ತೇಪೆ, ಭದ್ರತೆಯ ಕಂಡಿ ಮುಚ್ಚುವುದಕ್ಕೆ ಹೊಂದುತ್ತದೆ. ಆದರೆ ‘ತೇಪೆ ಹಚ್ಚೋ ಕೆಲಸ’ ಅಂದರೆ ನಮ್ಮಲ್ಲಿ ಕಾಟಾಚಾರದ ಕೆಲಸ ಅಂತಲೂ ಆಗುತ್ತದೆ. ಜೊತೆಗೆ ಎಲ್ಲ ಅಪ್‌ಡೇಟೂ ತೇಪೆಯಲ್ಲ. ಸರ್ವಿಸ್ ಪ್ಯಾಕ್ 1 (ಹಲವು ಅಪ್‌ಡೇಟ್‌ಗಳ ಒಂದು ಕಟ್ಟು) ಇರುವ ಡಿವಿಡಿಯಿಂದ ಹೊಸದಾಗಿ ಹಾಕಿದ ವಿಂಡೋಸ್ 7ಕ್ಕೆ ಮೊದಲು ಕೆಬಿ 4490628, ಆಮೇಲೆ ಕೆಬಿ 4474419 ಎಂಬ ಸಂಖ್ಯೆಯ ಅಪ್‌ಡೇಟ್‌ಗಳನ್ನು ಹಾಕಬೇಕು. 2019ರಿಂದ ಅಪ್‌ಡೇಟ್‌ಗಳ ಡಿಜಿಟಲ್ ಸಹಿಯನ್ನು ಶಾ-2 ಎಂಬ ಹೊಸ ವಿಧಾನಕ್ಕೆ ಬದಲಾಯಿಸಿದರು. ಹಳೇ ವಿಂಡೋಸ್‌ಗೆ ಆ ಸಹಿಯ ಗುರುತೇ ಇಲ್ಲ. ಎರಡನೆಯದು ಆ ಗುರುತು ಕಲಿಸುತ್ತದೆ. ಮೊದಲನೆಯದು ಅಪ್‌ಡೇಟ್ ಹಾಕುವ ಒಳಗಿನ ಯಂತ್ರವನ್ನೇ ಸರಿಮಾಡುತ್ತದೆ. ಇವಿಲ್ಲದಿದ್ದರೆ ಆಮೇಲಿನ ಅಪ್‌ಡೇಟ್‌ಗಳು ಒಳಗೇ ಹೋಗುವುದಿಲ್ಲ. ಹರಿದದ್ದೇ ಇಲ್ಲದ ಕಡೆ ತೇಪೆ ಯಾಕೆ, ಅಲ್ವಾ? ಪ್ಯಾಚ್ ಅನ್ನು ಪ್ಯಾಚ್ ಅಂತಲೇ ಬಿಡುತ್ತೇನೆ. ಸರ್ವಿಸ್ ಪ್ಯಾಕ್, ಡ್ರೈವರ್ ಕೂಡ ಹಾಗೇ. ತೆರೆಯ ಮೇಲೆ ಕಾಣುವ ಹೆಸರು ಸೂಚನೆಯಲ್ಲೂ ಇರಬೇಕು, ಇಲ್ಲದಿದ್ದರೆ ಓದುವವರು ಹುಡುಕುವುದೆಲ್ಲಿ?

ಸದ್ಯಕ್ಕೆ ನನ್ನ ಕರಡಿನಲ್ಲಿ ಹೀಗಿದೆ. ರಿಸ್ಟೋರ್‌ಗೆ ‘ಹಿಂದಿನ ಸ್ಥಿತಿಗೆ ಮರಳಿಸು’. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕುವುದಕ್ಕೆ ‘ಅಳಿಸಿ ಹಾಕು’. ಇದರಲ್ಲೂ ಒಂದು ಎಡವಟ್ಟಿದೆ. ‘ಅಳಿಸಿ ಹಾಕು’ ಅಂದರೆ ಕನ್ನಡದಲ್ಲಿ ಪೂರ್ತಿ ಅಳಿಸಿಬಿಡು ಅಂತಲೂ ಅರ್ಥ, ಮತ್ತೆ ಹಾಕುವ ಮಾತೇ ಇಲ್ಲ. ‘ಅಳಿಸಿ ಮತ್ತೆ ಹಾಕು’ ಅಂದರೆ ಈ ಗೊಂದಲ ತಪ್ಪುತ್ತದೆ, ಉದ್ದವಾಯಿತು ಅಷ್ಟೇ. ಫೈಲು ಉಳಿಸಿಕೊಂಡು ಹಾಕುವುದಕ್ಕೆ ‘ಉಳಿಸಿ ಹಾಕು’ ಅಂತ ಬರೆದೆ, ಆದರೆ ‘ಉಳಿಸು’ ಅಂದ ತಕ್ಷಣ ಕಂಪ್ಯೂಟರ್ ಬಲ್ಲವರಿಗೆ ಸೇವ್ ಬಟನ್ ನೆನಪಾಗುತ್ತದೆ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಕಡೆಯವರು ಯಾರಾದರೂ ಇದ್ದರೆ ಒಂದು ಕೇಳಬೇಕು. ನಿಮ್ಮಲ್ಲಿ ರಿಪೇರಿ ಅಂಗಡಿಗೆ ಹೋಗಿ ‘ಫೈಲುಗಳು ಹಾಗೇ ಇರಲಿ, ವಿಂಡೋಸ್ ಮಾತ್ರ ಹೊಸದಾಗಿ ಹಾಕಿಕೊಡಿ’ ಅನ್ನುವುದನ್ನು ಚಿಕ್ಕದಾಗಿ ಹೇಗೆ ಹೇಳುತ್ತೀರಿ? ಅಂಗಡಿಯವರು ಅದಕ್ಕೆ ಬೇರೆ ಮಾತು ಬಳಸುತ್ತಾರಾ, ಇಲ್ಲ ಅಲ್ಲೂ ಎಲ್ಲವೂ ಫಾರ್ಮ್ಯಾಟೇನಾ?