ಆರ್ಲ್ಯಾಂಡೊ ಡಿಸ್ನಿ ವರ್ಲ್ಡ್: ಮಂಡಿ ನೋವಿರುವ ತಾಯಿಗೆ ಗಾಲಿಕುರ್ಚಿ ಒಳ್ಳೆಯದೋ, ಸ್ಕೂಟರ್ ಒಳ್ಳೆಯದೋ?

ತುಂಗಾತೀರ (ಶಾರ್ಲಟ್)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿ ಬರುವ ಜೂನ್ ತಿಂಗಳಿನಲ್ಲಿ ಶಿವಮೊಗ್ಗದಿಂದ ನಮ್ಮಲ್ಲಿಗೆ ಬರುವವರಿದ್ದಾರೆ. ಮಕ್ಕಳಿಗೆ ಆಗ ಶಾಲೆಯ ರಜೆ ಇರುವುದರಿಂದ ಎಲ್ಲರೂ ಸೇರಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗಬೇಕೆಂದುಕೊಂಡಿದ್ದೇವೆ. ತಾಯಿಯ ಎರಡೂ ಮಂಡಿಗಳು ಸವೆದಿವೆ. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾರೆ, ಆಸರೆ ಕೊಟ್ಟರೆ ನಾಲ್ಕೈದು ಮೆಟ್ಟಿಲು ಹತ್ತುತ್ತಾರೆ, ಆದರೆ ಹೆಚ್ಚು ಹೊತ್ತು ನಿಲ್ಲಲಾರರು. ವಿಷಯ ತಿಳಿಸಿದ ಕೂಡಲೇ ಅವರು, "ನೀವೆಲ್ಲ ಹೋಗಿ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ, ನನ್ನಿಂದ ನಿಮಗೆ ತೊಂದರೆ ಬೇಡ" ಎಂದುಬಿಟ್ಟರು. ಮೊಮ್ಮಕ್ಕಳ ಜೊತೆಯಲ್ಲಿ ಅವರೂ ಇರಬೇಕೆಂದೇ ನಾವು ಈ ಪ್ರವಾಸವನ್ನು ಯೋಚಿಸಿದ್ದು. ಅವರಿಲ್ಲದೆ ಹೋಗುವ ಮನಸ್ಸು ನಮಗಿಲ್ಲ.

ಅವರಿಗೆ ಗಾಲಿಕುರ್ಚಿ ಅನುಕೂಲವೋ, ನಡೆಯಲಾಗದವರು ಕುಳಿತು ಓಡಿಸುವ ಬ್ಯಾಟರಿಯ ಸ್ಕೂಟರ್ ಅನುಕೂಲವೋ? ಸರದಿ ಸಾಲಿನ ವ್ಯವಸ್ಥೆ ಹೇಗಿದೆ? ಕುಳಿತಲ್ಲೇ ಕುಳಿತು ಅವರು ಯಾವುದನ್ನಾದರೂ ಆನಂದಿಸಲು ಸಾಧ್ಯವೇ, ಅಥವಾ ದಿನವಿಡೀ ಹೊರಗೆ ಚೀಲ ಕಾಯುತ್ತ ಕೂರಬೇಕಾಗುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹೇಮಾವತಿ (ಟ್ಯಾಂಪಾ)

ತಾಯಿಯವರನ್ನು ಖಂಡಿತ ಕರೆದುಕೊಂಡು ಹೋಗಿ. ನಮ್ಮ ಮಾವನವರು ಪಾರ್ಶ್ವವಾಯುವಿನ ನಂತರ ಗಾಲಿಕುರ್ಚಿಯಲ್ಲಿಯೇ ಡಿಸ್ನಿ ವರ್ಲ್ಡ್‌ನೊಳಗಿನ ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಅನಿಮಲ್ ಕಿಂಗ್‌ಡಮ್ ಪಾರ್ಕುಗಳನ್ನು ನೋಡಿದ್ದಾರೆ. ಅವರ ಜೊತೆ ಓಡಾಡುತ್ತ ತಿಳಿದುಕೊಂಡದ್ದನ್ನು ಬರೆಯುತ್ತೇನೆ.

ಅಲ್ಲಿ ಪ್ರತಿಯೊಂದು ರೈಡ್‌ಗೂ ಅದರದೇ ನಿಯಮವಿದೆ, ನಿಮ್ಮ ಯೋಜನೆಯೆಲ್ಲ ಆ ನಿಯಮದ ಮೇಲೆ ನಿಲ್ಲಬೇಕು. ಮ್ಯಾಜಿಕ್ ಕಿಂಗ್‌ಡಮ್‌ನ ಕ್ಯಾರಸೆಲ್ ಆಫ್ ಪ್ರೋಗ್ರೆಸ್, ಮಿಕ್ಕೀಸ್ ಫಿಲ್ಹಾರ್‌ಮ್ಯಾಜಿಕ್ ಮುಂತಾದ ರಂಗಮಂದಿರದ ಪ್ರದರ್ಶನಗಳಿಗೆ ಸ್ಕೂಟರಿನಿಂದಲೂ ಇಳಿಯಬೇಕಾಗಿಲ್ಲ. ಜಂಗಲ್ ಕ್ರೂಸ್, ಇಟ್ಸ್ ಎ ಸ್ಮಾಲ್ ವರ್ಲ್ಡ್, ಅನಿಮಲ್ ಕಿಂಗ್‌ಡಮ್‌ನ ಕಿಲಿಮಂಜಾರೊ ಸಫಾರಿ ಇವುಗಳಲ್ಲಿ ಸ್ಕೂಟರನ್ನು ಹೊರಗೆ ಬಿಡಬೇಕಾಗುತ್ತದೆ, ಆದರೆ ಕೈಯಿಂದ ತಳ್ಳುವ ಗಾಲಿಕುರ್ಚಿಯಾದರೆ ಕುರ್ಚಿಯ ಸಮೇತ ದೋಣಿಯನ್ನೋ ಗಾಡಿಯನ್ನೋ ಏರಬಹುದು. ಅದಕ್ಕೆಂದೇ ಜಾಗ ಮಾಡಿದ ವಾಹನ ಬರುವವರೆಗೆ ತುಸು ಕಾಯಿಸುತ್ತಾರೆ. ಉಳಿದವುಗಳಲ್ಲಿ ಕುರ್ಚಿಯಿಂದ ಎದ್ದು ರೈಡಿನ ಆಸನಕ್ಕೆ ಹೋಗಿ ಕೂರಬೇಕು. ಸಿಬ್ಬಂದಿ ಯಾರನ್ನೂ ಎತ್ತಿ ಕೂರಿಸುವುದಿಲ್ಲ, ಆ ಕೆಲಸ ಮನೆಯವರದೇ. ಪೀಟರ್ ಪ್ಯಾನ್ಸ್ ಫ್ಲೈಟ್‌ನಲ್ಲಿ ಚಲಿಸುತ್ತಲೇ ಇರುವ ಪಟ್ಟಿಯ ಮೇಲೆ ನಡೆದು ಹತ್ತಬೇಕಾಗಿರುವುದರಿಂದ ಅದನ್ನು ನಿಮ್ಮ ತಾಯಿಯವರಿಗೆ ನಾನು ಹೇಳಲಾರೆ. ಸಫಾರಿ ಗಾಡಿಯ ಕುಲುಕಾಟವೂ ಜೋರು. ಸೊಂಟ ನೋವಿದ್ದರೆ ಯೋಚಿಸಿ.

ಇದರಿಂದಲೇ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಗಾಲಿಕುರ್ಚಿ. ಎಂದೂ ವಾಹನ ನಡೆಸದವರು ಜೂನ್ ತಿಂಗಳ ಜನಸಂದಣಿಯಲ್ಲಿ, ಓಡಾಡುವ ಮಕ್ಕಳ ನಡುವೆ, ಸ್ಕೂಟರನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವುದು ಅವರಿಗೆ ಹೆದರಿಕೆಯನ್ನೇ ಉಂಟುಮಾಡುತ್ತದೆ. ಕುರ್ಚಿಯನ್ನು ತಳ್ಳುವವರ ಶ್ರಮ ಮಾತ್ರ ಸಣ್ಣದಲ್ಲ. ಎಪ್ಕಾಟ್‌ನಲ್ಲಿ ಹನ್ನೊಂದು ದೇಶಗಳ ಮಂಟಪಗಳಿರುವ ಕೆರೆಯನ್ನು ಸುತ್ತಿ ಬರುವುದೇ ಸುಮಾರು 1.9 ಕಿಲೋಮೀಟರ್ ಆಗುತ್ತದೆ, ಅದೂ ಫ್ಲಾರಿಡಾದ ಸೆಕೆಯಲ್ಲಿ. ಇಬ್ಬರು ಮೂವರು ಸರದಿಯ ಮೇಲೆ ತಳ್ಳುವುದಾದರೆ ನಿಭಾಯಿಸಬಹುದು. ಪಾರ್ಕಿನ ಬಾಗಿಲಲ್ಲಿ ಕುರ್ಚಿ, ಸ್ಕೂಟರ್ ಎರಡೂ ಬಾಡಿಗೆಗೆ ಸಿಗುತ್ತವೆ, ಆದರೆ ಮೊದಲು ಬಂದವರಿಗೆ ಮೊದಲು, ಮುಂಗಡ ಕಾಯ್ದಿರಿಸುವಂತಿಲ್ಲ, ಹೊರಗೆ ಒಯ್ಯುವಂತೆಯೂ ಇಲ್ಲ. ಆದ್ದರಿಂದ ಹೋಟೆಲಿಗೇ ತಂದುಕೊಡುವ ಹೊರಗಿನ ಬಾಡಿಗೆಯವರಿಂದ ಹಗುರವಾದ ಕುರ್ಚಿಯನ್ನು ಪಡೆಯುವುದು ಒಳ್ಳೆಯದು. ಕಾರಿನಿಂದ ಕೋಣೆಯವರೆಗೂ ಅದೇ ಜೊತೆಗಿರುತ್ತದೆ. ಮುಂದೆ ಎಂದಾದರೂ ನೀವು ಸ್ಕೂಟರನ್ನೇ ಆರಿಸಿಕೊಂಡರೆ, ಅದು 36 ಇಂಚು ಅಗಲ, 52 ಇಂಚು ಉದ್ದವನ್ನು ಮೀರಬಾರದು ಎಂಬ ನಿಯಮವನ್ನು ನೆನಪಿಡಿ.

ಮಧ್ಯಾಹ್ನದ ಹೊತ್ತಿಗೆ ಆ ತಿಂಗಳಲ್ಲಿ ಗುಡುಗು ಮಳೆ ಬರುವುದು ಸಾಮಾನ್ಯ. ಮಿಂಚು ಹತ್ತಿರವಿದ್ದರೆ ಬಯಲಿನ ರೈಡುಗಳನ್ನು ನಿಲ್ಲಿಸುತ್ತಾರೆ. ಆ ಹೊತ್ತಿಗೆ ಎಪ್ಕಾಟ್‌ನ ಲಿವಿಂಗ್ ವಿತ್ ದಿ ಲ್ಯಾಂಡ್‌ಗೆ ಹೋಗಿ. ಅದು ಮಾಡಿನ ಕೆಳಗಿನ ದೋಣಿ ವಿಹಾರ, ಗಾಲಿಕುರ್ಚಿಯಲ್ಲಿಯೇ ಕುಳಿತು ಹೋಗಬಹುದು. ಗಾಜಿನ ಮನೆಗಳೊಳಗೆ ಬಾಳೆ, ಪಪ್ಪಾಯಿ, ಮಣ್ಣಿಲ್ಲದೆ ಬೆಳೆದ ತರಕಾರಿಗಳ ನಡುವೆ ದೋಣಿ ಮೆಲ್ಲಗೆ ಸಾಗುತ್ತದೆ. ತೋಟ ನೋಡಿ ಬೆಳೆದ ಮಲೆನಾಡಿನ ಹಿರಿಯರಿಗೆ ಅದಕ್ಕಿಂತ ಇಷ್ಟವಾಗುವ ಜಾಗ ಅಲ್ಲಿ ಇನ್ನೊಂದಿಲ್ಲವೆಂದು ನನ್ನ ಅನಿಸಿಕೆ.

ಗಾಲಿಯ ದಾರಿ (ಅನಾಹೈಮ್ ಸಮೀಪ)

ನಾನು ಸ್ವತಃ ಗಾಲಿಕುರ್ಚಿಯನ್ನು ಬಳಸುವವನು, ಆದ್ದರಿಂದ ಸರದಿ ಸಾಲಿನ ವಿಷಯವನ್ನು ಸ್ಪಷ್ಟಪಡಿಸಲು ಬಯಸುತ್ತೇನೆ. ಕುರ್ಚಿಯಲ್ಲಿ ಬಂದವರನ್ನು ನೇರವಾಗಿ ಮುಂದಕ್ಕೆ ಬಿಡುತ್ತಾರೆಂಬ ಮಾತು ನಮ್ಮವರಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅದು ಈಗ ನಿಜವಲ್ಲ. ಅಂಗವಿಕಲರಿಗೆ ಕೊಡುತ್ತಿದ್ದ ಹಳೆಯ ಪಾಸಿನ ದುರ್ಬಳಕೆ ಹೆಚ್ಚಿದ್ದರಿಂದ ಡಿಸ್ನಿ 2013ರ ಅಕ್ಟೋಬರಿನಲ್ಲಿ ಅದನ್ನು ರದ್ದುಪಡಿಸಿ, ಡಿಎಎಸ್ (ಡಿಸಬಿಲಿಟಿ ಆಕ್ಸೆಸ್ ಸರ್ವಿಸ್) ಎಂಬ ಬೇರೆ ವ್ಯವಸ್ಥೆಯನ್ನು ತಂದಿತು. 2024ರಲ್ಲಿ ಅದನ್ನೂ ಬಿಗಿಗೊಳಿಸಿ, ಆಟಿಸಂ ಮತ್ತು ಅಂಥ ಬೆಳವಣಿಗೆಯ ತೊಂದರೆಗಳಿಂದಾಗಿ ಸಾಲಿನಲ್ಲಿ ದೀರ್ಘಕಾಲ ಕಾಯಲಾಗದವರಿಗೆ ಮುಖ್ಯವಾಗಿ ಮೀಸಲಿಟ್ಟಿದ್ದಾರೆ. ನಡೆಯಲಾಗದಿರುವುದೊಂದೇ ಕಾರಣಕ್ಕೆ ಅದು ಸಿಗುವುದಿಲ್ಲ. ಆರ್ಲ್ಯಾಂಡೊದಲ್ಲಿ ಹೆಚ್ಚಿನ ಸಾಲುಗಳು ಕುರ್ಚಿ ಹಿಡಿಸುವಷ್ಟು ಅಗಲವಾಗಿರುವುದರಿಂದ ತಾಯಿಯವರು ಕುರ್ಚಿಯಲ್ಲಿಯೇ ಕುಳಿತು ನಿಮ್ಮೊಂದಿಗೆ ಸಾಲಿನಲ್ಲಿ ಸಾಗುತ್ತಾರೆ. ನಿಲ್ಲುವ ಕಷ್ಟ ಅಲ್ಲಿಗೆ ತೀರಿತು. ಎಲ್ಲರಂತೆ ಎಲ್ಲರ ನಡುವೆ ಇರುವುದೇ ನನಗೆ ಹೆಚ್ಚು ಗೌರವದ್ದೆನಿಸುತ್ತದೆ. ನಮ್ಮ ಇಲ್ಲಿನ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರದ್ದಾದ್ದರಿಂದ ಹಲವು ಹಳೆಯ ಸಾಲುಗಳು ಕಿರಿದು. ಅಂಥ ಕಡೆ ಸಾಲಿನಷ್ಟೇ ಹೊತ್ತು ಬೇರೆಡೆ ಕಳೆದು ಬರುವಂತೆ ಸಮಯವನ್ನು ಕೊಟ್ಟು, ಇನ್ನೊಂದು ದಾರಿಯಿಂದ ಒಳಗೆ ಬಿಡುತ್ತಾರೆ.

ಈ ಅನುಕೂಲಗಳೆಲ್ಲ ಯಾರೋ ದಯೆಯಿಂದ ಕೊಟ್ಟವಲ್ಲ ಎಂಬುದನ್ನೂ ತಾಯಿಯವರಿಗೆ ತಿಳಿಸಿ. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಇಂಥ ಜಾಗಗಳು ಎಲ್ಲರಿಗೂ ತೆರೆದಿರಬೇಕು. ಆ ಕಾಯ್ದೆಯ 2010ರ ಮಾನದಂಡಗಳು ಒಂದೇ ಕಡೆ ನೆಲೆಯಾಗಿ ಕಟ್ಟುವ ಹೊಸ ರೈಡುಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ಗಾಲಿಕುರ್ಚಿಗೆ ಜಾಗವಾದರೂ ಇರಬೇಕು, ಕುರ್ಚಿಯಿಂದ ಬದಲಾಗಿ ಕೂರುವ ಏರ್ಪಾಡಾದರೂ ಇರಬೇಕು ಎನ್ನುತ್ತವೆ. ತಮ್ಮಿಂದ ಮಕ್ಕಳಿಗೆ ತೊಂದರೆಯಾಗುತ್ತದೆಂದು ಹಿಂಜರಿಯುವವರಿಗೆ ಇದನ್ನು ಕೇಳಿದರೆ ಧೈರ್ಯ ಬರುತ್ತದೆ.

ಇನ್ನೊಂದು ವಿನಂತಿ. ಕುರ್ಚಿಯನ್ನು ತಳ್ಳುವ ಮುನ್ನ, ತಿರುಗಿಸುವ ಮುನ್ನ ಅವರಿಗೆ ಹೇಳಿ. ಮಾತನಾಡುತ್ತ ನಿಂತಾಗ ಅವರ ಮುಖ ಗೋಡೆಯ ಕಡೆಗೋ ಜನರ ಬೆನ್ನಿನ ಕಡೆಗೋ ಇರದಂತೆ ನೋಡಿಕೊಳ್ಳಿ. ಯಾವ ರೈಡ್ ಬೇಕು, ಯಾವುದು ಬೇಡ ಎಂಬುದನ್ನು ಅವರೇ ನಿರ್ಧರಿಸಲಿ. ಸಿಬ್ಬಂದಿ ನಿಮ್ಮನ್ನು ಪ್ರಶ್ನೆ ಕೇಳಿದರೂ ಉತ್ತರ ಅವರಿಂದಲೇ ಬರಲಿ, ಭಾಷೆಯ ತೊಡಕಿದ್ದರೆ ನೀವು ಅನುವಾದಿಸಿದರೆ ಸಾಕು. ಮ್ಯಾಜಿಕ್ ಕಿಂಗ್‌ಡಮ್‌ನ ಮುಖ್ಯ ಬೀದಿಯಲ್ಲಿ ಕುದುರೆ ಟ್ರಾಮಿನ ಹಳಿಗಳಿವೆ, ಮುಂದಿನ ಚಿಕ್ಕ ಗಾಲಿಗಳು ಅದರೊಳಗೆ ಸಿಕ್ಕಿಕೊಳ್ಳುತ್ತವೆ. ಹಳಿಯನ್ನು ಓರೆಯಾಗಿ ದಾಟದೆ ನೇರವಾಗಿ ದಾಟಿಸಿ.

ಬಯಲುಸೀಮೆ (ಸ್ಯಾನ್ ಆಂಟೋನಿಯೊ)

ಎದ್ದು ಬೇರೆ ಆಸನಕ್ಕೆ ಬದಲಾಗಲು ಆಗದವರೇ ಮನೆಯಲ್ಲಿದ್ದು ಇದನ್ನು ಓದುತ್ತಿರುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಊರಿನಲ್ಲಿ 2010ರಲ್ಲಿ ತೆರೆದ ಮಾರ್ಗನ್ಸ್ ವಂಡರ್‌ಲ್ಯಾಂಡ್ ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಪಾರ್ಕು. ಗಾರ್ಡನ್ ಹಾರ್ಟ್‌ಮನ್ ಅವರು ತಮ್ಮ ಮಗಳು ಮಾರ್ಗನ್‌ಗೆ ಬೇರೆಡೆ ಆಡಲು ಜೊತೆ ಸಿಗದಿದ್ದುದನ್ನು ಕಂಡು ಇದನ್ನು ಆರಂಭಿಸಿದರು. ಗಾಲಿಕುರ್ಚಿಯ ಸಮೇತ ಏರುವ ಉಯ್ಯಾಲೆಗಳಿವೆ, ಅಂಗವಿಕಲರಿಗೆ ಪ್ರವೇಶ ಉಚಿತ. 2017ರಲ್ಲಿ ಸೇರಿಸಿದ ನೀರಾಟದ ಭಾಗದಲ್ಲಿ, ನೀರಿನಲ್ಲಿಯೂ ಓಡಾಡಬಹುದಾದ, ಒತ್ತಿದ ಗಾಳಿಯಿಂದ ಚಲಿಸುವ ಕುರ್ಚಿಗಳೂ ಇವೆ.

ತುಂಗಾತೀರ (ಶಾರ್ಲಟ್)

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬಾಳೆ, ಪಪ್ಪಾಯಿಯ ದೋಣಿ ವಿಹಾರದ ಬಗ್ಗೆ ಫೋನಿನಲ್ಲಿ ಓದಿ ಹೇಳಿದೆ, "ಅಲ್ಲಿ ಅಡಿಕೆ ಇಲ್ಲವೇ?" ಎಂದು ಕೇಳಿದರು. ಕೈಯಿಂದ ತಳ್ಳುವ ಕುರ್ಚಿಯನ್ನೇ ಬಾಡಿಗೆಗೆ ಪಡೆಯುತ್ತೇವೆ. ರಾತ್ರಿಯ ಬಾಣಬಿರುಸುಗಳನ್ನು ಅವರು ಕುಳಿತು ನೋಡುವಂತೆ ಮಾಡುವುದು ಹೇಗೆ? ಮುಗಿದ ಮೇಲೆ ಆ ನೂಕುನುಗ್ಗಲಿನಲ್ಲಿ ಹೊರಬರುವುದು ಹೇಗೆ?

ಹೇಮಾವತಿ (ಟ್ಯಾಂಪಾ)

ಗಾಲಿಕುರ್ಚಿಯವರಿಗೆಂದು ಜಾಗ ಗುರುತಿಸಿರುತ್ತಾರೆ, ಆದರೆ ಅದು ಚಿಕ್ಕದು ಮತ್ತು ಬೇಗ ತುಂಬುತ್ತದೆ. ಬೆಳಿಗ್ಗೆಯೇ ಅತಿಥಿ ಸೇವಾ ಕೇಂದ್ರದಲ್ಲಿ ವಿಚಾರಿಸಿ, ಸಾಕಷ್ಟು ಮುಂಚೆ ಹೋಗಿ ಕುಳಿತುಕೊಳ್ಳಿ. ಪ್ರದರ್ಶನ ಮುಗಿದ ಕೂಡಲೇ ಏಳಬೇಡಿ. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಮುಂದಿನ ಜನ ಒಮ್ಮೆಗೇ ಬಾಗಿಲ ಕಡೆ ತಿರುಗುತ್ತಾರೆ, ಕುಳಿತವರ ಎತ್ತರಕ್ಕೆ ಆಗ ಬರೀ ಚೀಲಗಳೂ ಮೊಣಕೈಗಳೂ ತಾಗುತ್ತವೆ. ಜನ ಕರಗುವವರೆಗೆ ಒಂದು ಬದಿಯಲ್ಲಿ ನಿಂತು ಮಕ್ಕಳಿಗೆ ಏನಾದರೂ ತಿನ್ನಿಸಿ. ಕಾರನ್ನು ನಿಲ್ಲಿಸಿದ ಕಡೆಗೆ ಮರಳಲು ಮೋನೊರೈಲು, ದೊಡ್ಡ ದೋಣಿ ಎರಡಕ್ಕೂ ಕುರ್ಚಿ ಹತ್ತುತ್ತದೆ. ರಾತ್ರಿಯ ಹೊತ್ತು ನಾವು ದೋಣಿಯನ್ನೇ ಆರಿಸಿಕೊಳ್ಳುತ್ತೇವೆ, ಏಕೆಂದರೆ ಅದರ ಕೆಳ ಅಂತಸ್ತು ವಿಶಾಲವಾಗಿದೆ, ಕುರ್ಚಿಯನ್ನು ಅಂಚಿನ ಕಡೆ ನಿಲ್ಲಿಸಿ ಚಕ್ರಕ್ಕೆ ಬ್ರೇಕ್ ಹಾಕಿದರೆ ಆಯಿತು.