ಹೇರು ಹೊತ್ತ ಹೇಸರಗತ್ತೆ ನಡುದಾರಿಯಲ್ಲಿ ನಿಂತುಬಿಡುವುದೇಕೆ?

ಪ್ರಶ್ನೆ

ಹೇರು ಹೊರುವ ಹೇಸರಗತ್ತೆಗಳನ್ನೂ ಗಾಡಿ ಎಳೆಯುವ ಕುದುರೆಗಳನ್ನೂ ನೋಡಿಕೊಳ್ಳುವ ಕೆಲಸ ನನ್ನದು. ದಿನವೂ ನಡೆದ ದಾರಿಯಲ್ಲೇ ನೀರು ನಿಂತ ಗುಂಡಿಯೋ ಮರದ ಕಡುನೆರಳೋ ಎದುರಾದರೆ ಹೇಸರಗತ್ತೆ ಕಾಲೂರಿ ನಿಂತುಬಿಡುತ್ತದೆ. ಕುದುರೆಯಾದರೆ ಪಕ್ಕಕ್ಕೆ ಜಿಗಿಯುತ್ತದೆ. ಹೋಗುವಾಗ ಲೆಕ್ಕಿಸದ ಬಂಡೆಗೆ ಮರಳುವಾಗ ಬೆದರುವುದೂ ಉಂಟು. ಜೊತೆಗಾರರು ಇದನ್ನು ಮೊಂಡುತನವೆಂದು ಕರೆದು ಚಾಟಿ ಎತ್ತುತ್ತಾರೆ. ಬಲಗಣ್ಣು ಕಂಡದ್ದು ಎಡಗಣ್ಣಿನ ಕಡೆಯ ಮಿದುಳಿಗೆ ತಲುಪುವುದೇ ಇಲ್ಲ ಎಂಬ ವಿವರಣೆಯನ್ನೂ ಕೇಳಿದ್ದೇನೆ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1

ಕಡೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ತಪ್ಪು. ಕುದುರೆಯ ಮಿದುಳಿನ ಎರಡು ಭಾಗಗಳ ನಡುವೆ ನರತಂತುಗಳ ಸಂಪರ್ಕವಿದೆ. ಒಂದು ಕಣ್ಣನ್ನು ಮುಚ್ಚಿ ಕಲಿಸಿದ್ದನ್ನು ಅದು ಇನ್ನೊಂದು ಕಣ್ಣಿನಿಂದಲೂ ಗುರುತಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಆದರೆ ಮರಳುವಾಗ ಬಂಡೆಯ ಇನ್ನೊಂದು ಮಗ್ಗುಲು ಕಾಣುತ್ತದೆ, ಬೆಳಕು ಬೇರೆ ದಿಕ್ಕಿನಿಂದ ಬೀಳುತ್ತದೆ. ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿಗೆ ಆಕಾರ ಬದಲಾದ ವಸ್ತು ಹೊಸ ವಸ್ತುವೇ ಸರಿ.

ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಕುದುರೆಗೆ ಸುಮಾರು 350 ಡಿಗ್ರಿಯಷ್ಟು ಸುತ್ತಳತೆ ಕಾಣುತ್ತದೆ. ಆದರೆ ಆಳವನ್ನು ಚೆನ್ನಾಗಿ ಅಳೆಯಲು ಎರಡೂ ಕಣ್ಣುಗಳು ಒಟ್ಟಿಗೆ ನೋಡಬೇಕು. ಅಂತಹ ನೋಟ ಮುಂದಿನ 65 ಡಿಗ್ರಿಯ ಆಸುಪಾಸಿಗೆ ಸೀಮಿತ. ಹಣೆಯ ನೇರಕ್ಕೆ ತೀರ ಹತ್ತಿರ, ಮೂತಿಯ ಕೆಳಗೆ ಮತ್ತು ಬಾಲದ ಹಿಂದೆ ಅದಕ್ಕೆ ಏನೂ ಕಾಣದು. ಗುಂಡಿಯ ಮುಂದೆ ನಿಂತ ಪ್ರಾಣಿ ತಲೆ ತಗ್ಗಿಸಲು ಹೊರಟಾಗ ನಾವು ಹಗ್ಗವನ್ನು ಬಿಗಿಹಿಡಿದರೆ, ನೀರಿನ ಆಳವನ್ನು ಅಂದಾಜು ಮಾಡುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ನೆರಳಿನ ವಿಷಯ ಬೇರೆ. ಅಕ್ಷಿಪಟಲದ ಹಿಂದಿರುವ ಪ್ರತಿಫಲಕ ಪದರದ ನೆರವಿನಿಂದ ಕುದುರೆ ಮಂದ ಬೆಳಕಿನಲ್ಲಿ ನಮಗಿಂತ ಚೆನ್ನಾಗಿ ನೋಡುತ್ತದೆ, ಆದರೆ ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಬಣ್ಣಗಳಲ್ಲಿ ಅದು ಸ್ಪಷ್ಟವಾಗಿ ಬೇರ್ಪಡಿಸುವುದು ನೀಲಿ ಮತ್ತು ಹಳದಿಯನ್ನು. ಹುಲ್ಲಿನ ನಡುವಿನ ಕಿತ್ತಳೆ ಬಣ್ಣ ನಮಗೆ ಎದ್ದು ಕಂಡಂತೆ ಅದಕ್ಕೆ ಕಾಣದು. ಬ್ರಿಟನ್ನಿನ ಓಟದ ಮೈದಾನಗಳಲ್ಲಿ ಕುದುರೆಗಳು ಹಾರುವ ತಡೆಗಳ ಕಿತ್ತಳೆ ಪಟ್ಟಿಗಳನ್ನು ಬಿಳಿಗೆ ಬದಲಿಸಲು ಇದೇ ಕಾರಣವಾಯಿತು.

ಉತ್ತರ 2

ಮೇಲಿನವರು ಕಣ್ಣಿನ ಬಗ್ಗೆ ಹೇಳಿದ್ದಾರೆ. ಪ್ರಾಣಿ ನಿಲ್ಲಲು ಕಣ್ಣೇ ಕಾರಣವಾಗಿರಬೇಕೆಂದಿಲ್ಲ ಎಂಬುದನ್ನು ಸೇರಿಸಬೇಕು. ಕುದುರೆಯ ಕಿವಿಗೆ ಸುಮಾರು 55 ಹರ್ಟ್ಸ್‌ನಿಂದ 33,500 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಮ್ಮ ಮಿತಿ 20,000 ಹರ್ಟ್ಸ್ ಆದ್ದರಿಂದ, ನಮಗೆ ನಿಶ್ಶಬ್ದವೆನಿಸಿದ ಜಾಗ ಅದಕ್ಕೆ ಹಾಗಿರದೆ ಇರಬಹುದು. ಆದರೆ ಸದ್ದು ಬಂದ ದಿಕ್ಕನ್ನು ಗುರುತಿಸುವುದರಲ್ಲಿ ಅದು ನಮಗಿಂತ ಬಹಳ ಹಿಂದೆ: ಮನುಷ್ಯರು ಒಂದೆರಡು ಡಿಗ್ರಿಯ ವ್ಯತ್ಯಾಸವನ್ನು ಹಿಡಿದರೆ, ಕುದುರೆಗೆ ಸುಮಾರು 25 ಡಿಗ್ರಿಯಷ್ಟು ವ್ಯತ್ಯಾಸವಿರಬೇಕು. ಹಾಗಾಗಿ ಅದು ಕಿವಿಗಳನ್ನು ಹೊರಳಿಸಿ, ನಿಂತು, ಕಣ್ಣಿನಿಂದ ಖಚಿತಪಡಿಸಿಕೊಳ್ಳಲು ನೋಡುತ್ತದೆ. ಎರಡೂ ಕಿವಿಗಳು ಒಂದೇ ಕಡೆಗೆ ನೆಟ್ಟಿದ್ದರೆ ನೀವೂ ಅತ್ತ ನೋಡುವುದು ಒಳ್ಳೆಯದು.

ಮೂತಿಯ ಸುತ್ತಲಿನ ಉದ್ದ ಕೂದಲುಗಳ ಬುಡದಲ್ಲಿ ನರಗಳು ದಟ್ಟವಾಗಿರುತ್ತವೆ. ಕಣ್ಣಿಗೆ ಕಾಣದ ಮೂತಿಯ ಕೆಳಭಾಗವನ್ನು ಪ್ರಾಣಿ ತಡವಿ ತಿಳಿಯುವುದು ಅವುಗಳಿಂದಲೇ. ಅಂದಕ್ಕಾಗಿ ಅವನ್ನು ಕತ್ತರಿಸುವ ಅಭ್ಯಾಸವನ್ನು ನಾನು ಎಂದೂ ಒಪ್ಪಿಲ್ಲ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವೂ 2021ರ ಜುಲೈ 1ರಿಂದ ಹಾಗೆ ಕತ್ತರಿಸಿದ ಕುದುರೆಗಳನ್ನು ತನ್ನ ಸ್ಪರ್ಧೆಗಳಿಂದ ಹೊರಗಿಟ್ಟಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ, ಗಾಡಿಯ ಕುದುರೆಗೆ ಕಟ್ಟುವಂತೆ ಹೇಸರಗತ್ತೆಗೂ ಕಣ್ಣುಪಟ್ಟಿ ಕಟ್ಟಿದರೆ ಬೆದರುವುದು ಕಡಿಮೆಯಾದೀತೇ?

ಉತ್ತರ 3

ಹೇರು ಹೊತ್ತು ನಡೆಯುವ ಪ್ರಾಣಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಗಾಡಿಯ ಕುದುರೆಗೆ ಹಿಂದೆ ಉರುಳುವ ಚಕ್ರಗಳು ಕಾಣಿಸದಿರಲಿ ಎಂದು ಕಣ್ಣುಪಟ್ಟಿ ಕಟ್ಟುತ್ತಾರೆ. ಏರುಪೇರಿನ ಹಾದಿಯಲ್ಲಿ ತನ್ನ ಕಾಲನ್ನು ತಾನೇ ಆರಿಸಿ ಇಡಬೇಕಾದ ಪ್ರಾಣಿಗೆ ಪಕ್ಕದ ನೋಟವೇ ಆಸರೆ.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಮೇಲಿನ ಅಳತೆಗಳೆಲ್ಲ ಕುದುರೆಯವು. ಹೇಸರಗತ್ತೆಯ ತಾಯಿ ಕುದುರೆಯಾದರೂ ತಂದೆ ಕತ್ತೆ. ಬೆದರಿದ ಕುದುರೆ ಮೊದಲು ಓಡಿ ಆಮೇಲೆ ತಿರುಗಿ ನೋಡುತ್ತದೆ, ಕತ್ತೆಯಾದರೋ ನಿಂತು ನೋಡುತ್ತದೆ. ಹೇಸರಗತ್ತೆಗೆ ಬಂದಿರುವುದು ಹೆಚ್ಚಾಗಿ ತಂದೆಯ ಗುಣ. ಕಡಿದಾದ ಹಾದಿಗಳಲ್ಲಿ ಜನ ಅದನ್ನು ನೆಚ್ಚಿಕೊಂಡಿರುವುದು ಬಹುಮಟ್ಟಿಗೆ ಈ ಗುಣಕ್ಕಾಗಿ. ಅಂತಹ ಹೊತ್ತಿನಲ್ಲಿ ಚಾಟಿ ಬೀಸಿದರೆ ಅದು ಆ ಗುಂಡಿಯನ್ನೂ ನೋವನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ, ಮರುದಿನ ಇನ್ನೂ ದೂರದಲ್ಲೇ ನಿಲ್ಲುತ್ತದೆ. ಹಗ್ಗ ಸಡಿಲಿಸಿ, ಮೂತಿ ಇಳಿಸಿ ಮೂಸಲು ಬಿಡಿ. ಸಾಧ್ಯವಾದರೆ ಅಂಜದ ಇನ್ನೊಂದು ಪ್ರಾಣಿಯನ್ನು ಮುಂದೆ ನಡೆಸಿ.

ಗಾಡಿಯ ಕುದುರೆಗೆ ಸಂಬಂಧಿಸಿದ ಎಚ್ಚರಿಕೆಯೊಂದಿದೆ: ಗಾಡಿಗೆ ಹೂಡಿರುವಾಗಲೇ ಅದರ ಕಣ್ಣುಪಟ್ಟಿಯನ್ನು ಎಂದಿಗೂ ಬಿಚ್ಚಬೇಡಿ. ಇಷ್ಟು ಹೊತ್ತು ಕಾಣದಿದ್ದ ಗಾಡಿ ಬೆನ್ನಹಿಂದೆ ಒಮ್ಮೆಲೇ ಕಂಡರೆ ಅದು ಗಾಡಿಸಮೇತ ಓಟ ಕೀಳಬಹುದು. ಮೊದಲು ಗಾಡಿಯಿಂದ ಕಳಚಿ, ಪಟ್ಟಿಯನ್ನು ಆಮೇಲೆ ತೆಗೆಯಿರಿ.